ನಿಧಾನಕ್ಕೊಂದು ಕೋನ, ವೇಗಕ್ಕೊಂದು ಕೋನ: ಮಕ್ಕಳ ಕಾಲಿನ ಬಿಗಿತವನ್ನು ನಾನು ಅಳೆಯುವ ಬಗೆ

ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಚಲನೆಗೆ ತೊಡಕಾಗುವ ಸ್ಥಿತಿ) ಇರುವ ಮಗು ತುದಿಗಾಲಲ್ಲಿ ನಡೆಯಲು ಕಾರಣ ಎರಡಿರಬಹುದು. ಎಳೆದ ಕೂಡಲೇ ಮೀನಖಂಡ ಸೆಟೆದುಕೊಳ್ಳುವುದು ಒಂದು, ಆ ಸ್ನಾಯುವೇ ಉದ್ದ ಸಾಲದೆ ಮೋಟಾಗಿರುವುದು ಇನ್ನೊಂದು. ಹಲವು ಮಕ್ಕಳಲ್ಲಿ ಎರಡೂ ಬೆರೆತಿರುತ್ತವೆ. ಸೆಟೆತಕ್ಕೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ನೆರವಾಗುತ್ತದೆ. ಮೋಟಾದ ಸ್ನಾಯುವನ್ನು ಅದು ಉದ್ದ ಮಾಡುವುದಿಲ್ಲ. ಅಲ್ಲಿ ಹಂತಹಂತವಾಗಿ ಪ್ಲಾಸ್ಟರ್ ಬೇಕು, ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕು. ಫಿಸಿಯೋಥೆರಪಿಸ್ಟ್ ಆಗಿ ನಾನು ಅಳತೆಗೆ ಇಷ್ಟು ಹೊತ್ತು ಕೊಡುವುದು ಇದೇ ಕಾರಣಕ್ಕೆ.

ನಮ್ಮಲ್ಲಿಗೆ ಬರುವ ಚೀಟಿಗಳಲ್ಲಿ ಸಾಮಾನ್ಯವಾಗಿ ಇರುವುದು, ಕಾಲನ್ನು ಆಡಿಸುವಾಗ ಕೈಗೆ ಸಿಗುವ ತಡೆಗೆ ಕೊಡುವ ಮಾಡಿಫೈಡ್ ಆಶ್‌ವರ್ತ್ ಅಂಕ. 1964ರ ಆಶ್‌ವರ್ತ್ ಮಾಪಕಕ್ಕೆ 1987ರಲ್ಲಿ ಬೊಹಾನನ್ ಮತ್ತು ಸ್ಮಿತ್ '1+' ಎಂಬ ಮೆಟ್ಟಿಲು ಸೇರಿಸಿದರು. ಬೇಗ ಮುಗಿಯುತ್ತದೆ, ನಿಜ. ಆದರೆ ಕೈಗೆ ಸಿಕ್ಕ ತಡೆ ಸೆಟೆತದ್ದೋ ಮೋಟುತನದ್ದೋ ಎಂದು ಆ ಅಂಕ ತಿಳಿಸುವುದಿಲ್ಲ. ಎಳೆತದ ವೇಗ ಹೆಚ್ಚಿದಷ್ಟೂ ತಡೆ ಹೆಚ್ಚುವುದೇ ಸ್ಪಾಸ್ಟಿಸಿಟಿಯ, ಅಂದರೆ ಈ ಸೆಟೆತದ, ಲಕ್ಷಣ ಎಂದು ನರತಜ್ಞ ಲ್ಯಾನ್ಸ್ 1980ರಲ್ಲೇ ಹೇಳಿದ್ದರು. ಹಾಗಿದ್ದ ಮೇಲೆ ಎರಡು ವೇಗದಲ್ಲಿ ನೋಡಲೇಬೇಕು. ಬಾಯ್ಡ್ ಮತ್ತು ಗ್ರಹಾಂ 1999ರಲ್ಲಿ ವಿವರಿಸಿದ ಮಾಡಿಫೈಡ್ ಟಾರ್ಡ್ಯೂ ವಿಧಾನವನ್ನು ನಾನು ನೆಚ್ಚಿಕೊಂಡಿರುವುದು ಅದಕ್ಕೇ.

ಮಗುವನ್ನು ಅಂಗಾತ ಮಲಗಿಸಿ ತಲೆ ನೇರವಾಗಿಡುತ್ತೇನೆ. ಅಳುವ ಮಗುವನ್ನು ಅಳೆಯುವುದಿಲ್ಲ. ಅಮ್ಮನ ಮಾತು ಕೇಳುತ್ತಾ ಮೈ ಸಡಿಲವಾಗುವವರೆಗೆ ಕಾಯುತ್ತೇನೆ. ಮೊಣಕಾಲು ನೀಟಾಗಿಟ್ಟು, ಪಾದವನ್ನು ಸಾಧ್ಯವಾದಷ್ಟು ನಿಧಾನವಾಗಿ ಮೇಲಕ್ಕೆ ಒತ್ತುತ್ತೇನೆ. ಅದು ಕೊನೆಗೆ ನಿಲ್ಲುವ ಕೋನ ಆರ್2. ಆಮೇಲೆ ಅದೇ ಚಲನೆ, ಆದಷ್ಟೂ ವೇಗವಾಗಿ. ನಡುವೆ ಎಲ್ಲೋ ಸ್ನಾಯು ತಟ್ಟನೆ ಹಿಡಿಯುತ್ತದೆ, ಬಾಗಿಲಿನ ಚಿಲಕ ಸಿಕ್ಕಿಕೊಂಡ ಹಾಗೆ. ಆ ಕೋನ ಆರ್1. ಕೋನ ಅಳೆಯುವ ಗೋನಿಯೋಮೀಟರ್ ಓದಲು ಇನ್ನೊಬ್ಬರು ಜೊತೆಗಿರಬೇಕು. ಒಬ್ಬರೇ ಎಳೆದು ಒಬ್ಬರೇ ಓದಿದ ಆರ್1 ಅನ್ನು ನಾನು ನಂಬುವುದಿಲ್ಲ. ವೇಗದ ಎಳೆತವನ್ನು ಪದೇ ಪದೇ ಮಾಡುವುದೂ ಇಲ್ಲ, ಏಕೆಂದರೆ ಎಳೆದಷ್ಟೂ ಸ್ನಾಯುವಿನ ಪ್ರತಿಕ್ರಿಯೆ ಬದಲಾಗುತ್ತದೆ.

ಇದರಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹಿಮ್ಮಡಿಯ ಹಿಡಿತಕ್ಕೆ. ಹಿಮ್ಮಡಿಯನ್ನು ಒಂದಿಷ್ಟು ಒಳಕ್ಕೆ ತಿರುಗಿಸಿ ಬಿಗಿಹಿಡಿಯದಿದ್ದರೆ ಪಾದದ ನಡುಭಾಗ ಬಾಗಿಕೊಡುತ್ತದೆ. ಕಣಕಾಲು ಚೆನ್ನಾಗಿ ಮಡಚಿತು ಎಂದು ಕಣ್ಣಿಗೆ ಕಾಣುತ್ತದೆ, ಹಿಮ್ಮಡಿ ಮಾತ್ರ ಇದ್ದಲ್ಲೇ ಇರುತ್ತದೆ. ಹೊಸದಾಗಿ ಬರುವ ಇಂಟರ್ನ್‌ಗಳಿಗೆ ನಾನು ಕಲಿಸುವ ಮೊದಲ ಪಾಠ ಇದು. ಬಳಿಕ ಮೊಣಕಾಲು ಮಡಚಿ ಮತ್ತೆ ಅಳೆಯುತ್ತೇನೆ. ಆಗ ಪಾದ ಹೆಚ್ಚು ಮೇಲೆ ಬಂದರೆ ಮೀನಖಂಡದ ಹೊರ ಸ್ನಾಯುವಾದ, ಮೊಣಕಾಲನ್ನೂ ದಾಟುವ ಗ್ಯಾಸ್ಟ್ರೋಕ್ನೀಮಿಯಸ್ ಬಿಗಿ ಎಂದರ್ಥ. ಅಷ್ಟೇ ನಿಂತರೆ ಒಳಗಿನ ಸೋಲಿಯಸ್ ಕೂಡ ಸೇರಿಕೊಂಡಿದೆ.

ಪಾದ ಕಾಲಿಗೆ ಲಂಬವಾಗಿರುವುದು ಸೊನ್ನೆ ಎಂದುಕೊಳ್ಳಿ. ಒಂದು ಮಗುವಿನ ಪಾದ ನಿಧಾನಕ್ಕೆ ಒತ್ತಿದಾಗ ಸೊನ್ನೆ ದಾಟಿ 10 ಡಿಗ್ರಿ ಮೇಲೆ ಬರುತ್ತದೆ, ವೇಗದಲ್ಲಿ ಸೊನ್ನೆಗಿಂತ 15 ಡಿಗ್ರಿ ಕೆಳಗೇ ಹಿಡಿಯುತ್ತದೆ. ಅಂತರ 25, ಅಂದರೆ ಸೆಟೆತವೇ ಹೆಚ್ಚು: ಚುಚ್ಚುಮದ್ದಿನ ಮಾತು ಎತ್ತಬಹುದು. ಇನ್ನೊಂದು ಮಗು ವೇಗದಲ್ಲಿ ಅಲ್ಲೇ ಹಿಡಿದರೂ ನಿಧಾನಕ್ಕೂ 10 ಡಿಗ್ರಿ ಕೆಳಗೇ ನಿಂತುಬಿಡುತ್ತದೆ. ಅಂತರ ಬರೀ 5: ಇದು ಮೋಟಾದ ಸ್ನಾಯು. ಆಶ್‌ವರ್ತ್‌ನಲ್ಲಿ ಇಬ್ಬರಿಗೂ ಒಂದೇ ಅಂಕ ಬಿದ್ದೀತು.

ಸೆಟೆತ ತಗ್ಗಿಸುವ ಬ್ಯಾಕ್ಲೋಫೆನ್ ಮದ್ದು ಕೊಟ್ಟ ಹೊತ್ತು, ಹಿಂದಿನ ರಾತ್ರಿಯ ನಿದ್ದೆ, ಮಗುವಿನ ಮನಸ್ಥಿತಿ ಎಲ್ಲವನ್ನೂ ಕೋನದ ಪಕ್ಕದಲ್ಲೇ ಬರೆಯುತ್ತೇನೆ. ಐದು ಡಿಗ್ರಿ ಏರಿಳಿತವನ್ನು ಸುಧಾರಣೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚುಚ್ಚುಮದ್ದಾದ ಮೇಲೆ ನಾಲ್ಕರಿಂದ ಆರು ವಾರದೊಳಗೆ, ಅದೇ ಹೊತ್ತಿನಲ್ಲಿ, ಅದೇ ಭಂಗಿಯಲ್ಲಿ ಮತ್ತೆ ನೋಡುತ್ತೇನೆ. ಆರ್1 ಮೇಲೇರಿದ್ದರೆ ಮದ್ದು ಹಿಡಿದಿದೆ. ಅದರ ಪ್ರಭಾವ ಇಳಿಯುವ ಮೊದಲೇ ಹಿಗ್ಗಿಸುವ ವ್ಯಾಯಾಮ, ಸ್ಪ್ಲಿಂಟ್, ನಡಿಗೆಯ ಅಭ್ಯಾಸ ಶುರುವಾಗಬೇಕು.