ಹೊಲದ ಪಾಲು, ಪರಲೋಕದ ಪಾಲು: ನನ್ನ ಅನುಭವ

ನಮ್ಮ ಕಡೆ ಯೇಸುವನ್ನು ನಂಬಿದವರಿಗೆ ವಿರೋಧ ಮೊದಲು ಬರೋದು ಮನೆಯಿಂದಲೇ. ಅದೂ ಹೊಲದ ಮಾತಾಗಿ ಬರುತ್ತದೆ. ದೀಕ್ಷಾಸ್ನಾನ ಆಯಿತು ಅನ್ನೋದು ಗೊತ್ತಾದ ಕೂಡಲೇ ಯಾರಾದರೂ ಒಬ್ಬರು "ಇನ್ನ ನಿನಗ ಈ ಮನ್ಯಾಗ ಪಾಲಿಲ್ಲ" ಅನ್ನುತ್ತಾರೆ. ನನಗೆ ಅದನ್ನು ಅಂದವರು ನಮ್ಮ ಕಾಕಾ. ಧಾರವಾಡ ಜಿಲ್ಲೆಯ ಹಳ್ಳಿ ನಮ್ಮದು. ನಾನು ಹಿರಿಯ ಮಗ, ನನ್ನ ಬೆನ್ನಿಗೆ ಒಬ್ಬ ತಮ್ಮ. ಆ ವರ್ಷಗಳಲ್ಲಿ ನಂಬಿಕೆ ಬಿಡದೆ ಹೇಗೆ ನಿಂತೆ ಅನ್ನೋದನ್ನು ಬರೆಯುತ್ತಿದ್ದೇನೆ. ಅದೇ ಕಷ್ಟದಲ್ಲಿರುವ ಯಾರಿಗಾದರೂ ಬೇಕಾಗಬಹುದು.

ಶುರುವಿನಲ್ಲಿ ನಮ್ಮ ಸಭೆಯ (ಚರ್ಚಿನ) ಹಿರಿಯರೊಬ್ಬರು ಒಂದೇ ಮಾತು ಹೇಳಿದರು: "ಯಾರ ಜೊತೆಗೂ ವಾದ ಮಾಡಬೇಡ. ಪೇತ್ರನ ಮೊದಲನೆಯ ಪತ್ರಿಕೆ ಓದು." ಯೇಸುವಿನ ಶಿಷ್ಯ ಪೇತ್ರ ಬರೆದ, ಬೈಬಲಿನಲ್ಲಿರುವ ಚಿಕ್ಕ ಪತ್ರ ಅದು. 5 ಅಧ್ಯಾಯ, 105 ವಚನ. ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಓದುತ್ತಾ ಓದುತ್ತಾ ಮೊದಲ ಅಧ್ಯಾಯ ಬಾಯಿಪಾಠವೇ ಆಗಿಬಿಟ್ಟಿತು.

ಪೇತ್ರ ಅದನ್ನು ಬರೆದದ್ದು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದುರಿಹೋಗಿದ್ದ ವಿಶ್ವಾಸಿಗಳಿಗೆ. ಈಗಿನ ಟರ್ಕಿ ದೇಶ ಅದು. ನೆರೆಹೊರೆಯವರ ಬೈಗುಳ ತಿನ್ನುತ್ತಿದ್ದ ಜನ ಅವರು. ಅವರಿಗೆ ಬರೆಯುವಾಗ ಪೇತ್ರ "ಧೈರ್ಯವಾಗಿರಿ" ಅಂತ ಶುರು ಮಾಡುವುದಿಲ್ಲ. ನಿಮಗೆ ಒಂದು ಬಾಧ್ಯತೆ, ಅಂದರೆ ವಾರಸಾಗಿ ಬರುವ ಆಸ್ತಿ, ಇದೆ, ಅದು ಹಾಳಾಗಲ್ಲ, ಕೆಡಲ್ಲ, ಬಾಡಲ್ಲ, ಪರಲೋಕದಲ್ಲಿ ನಿಮಗಾಗಿ ಭದ್ರವಾಗಿದೆ ಅಂತ ಮೊದಲು ಹೇಳುತ್ತಾನೆ. ಅಷ್ಟೇ ಅಲ್ಲ, ಅದನ್ನು ಪಡೆಯಬೇಕಾದ ನಿಮ್ಮನ್ನೂ ದೇವರೇ ತನ್ನ ಬಲದಿಂದ ಕಾಯುತ್ತಿದ್ದಾನೆ ಅನ್ನುತ್ತಾನೆ. ಆಸ್ತಿಯೂ ಭದ್ರ, ವಾರಸುದಾರನೂ ಭದ್ರ! ಕಷ್ಟದ ಮಾತು ಬರೋದು ಆಮೇಲೆ. ನನಗೆ ಇದು ತುಂಬಾ ಬೇಕಾಗಿತ್ತು. ಕೈಯಲ್ಲಿ ಏನಿದೆ ಅಂತ ಗೊತ್ತಿಲ್ಲದವನು ಬೈಗುಳಕ್ಕೆ ತಿರುಗಿ ಬೈಯುತ್ತಾನೆ, ಇಲ್ಲವೇ ಓಡಿಹೋಗುತ್ತಾನೆ.

ಎಫೆಸ ಪಟ್ಟಣದ ವಿಶ್ವಾಸಿಗಳಿಗೆ ಬರೆಯುವಾಗ ಆ ಕಾಲದ ಇನ್ನೊಬ್ಬ ಬೋಧಕ ಪೌಲನೂ ಇದನ್ನೇ ಹೇಳುತ್ತಾನೆ. ಆ ಬಾಧ್ಯತೆಗೆ ಪವಿತ್ರಾತ್ಮನೇ ಸಂಚಕಾರ, ಅಂದರೆ ಮುಂಗಡ, ಅನ್ನುತ್ತಾನೆ. ರೈತರ ಮನೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಚಕಾರ ಕೈಗೆ ಬಂತು ಅಂದರೆ ಮಾತು ಮುಗಿಯಿತು, ಉಳಿದದ್ದು ಬಂದೇ ಬರುತ್ತದೆ.

ಇನ್ನು ಮನೆಯ ವಿಷಯ. ಹಬ್ಬಕ್ಕೆ ಹೋಗಬೇಕೋ ಬೇಡವೋ ಅನ್ನೋದು ಹೊಸ ವಿಶ್ವಾಸಿಗಳನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ. ಕೆಲವರು ಊರ ಕಡೆ ತಲೆಯನ್ನೇ ಹಾಕುವುದಿಲ್ಲ. ನಾನು ಹೋಗುತ್ತಿದ್ದೆ. ಅವ್ವ ಹೋಳಿಗೆ ಬಡಿಸಿದರೆ ಕೂತು ಉಣ್ಣುತ್ತಿದ್ದೆ. ಪ್ರಸಾದ ಅಂತ ಕೈಗೆ ಕೊಟ್ಟರೆ ಕೈಮುಗಿದು "ಬ್ಯಾಡವ್ವ" ಅನ್ನುತ್ತಿದ್ದೆ. ಕೊರಿಂಥದವರಿಗೆ ಪೌಲ ಹೇಳಿದ್ದೂ ಹೆಚ್ಚುಕಡಿಮೆ ಹೀಗೇ: ಮುಂದಿಟ್ಟದ್ದನ್ನು ಪ್ರಶ್ನೆ ಕೇಳದೆ ತಿನ್ನಿ, ಇದು ನೈವೇದ್ಯಕ್ಕಿಟ್ಟದ್ದು ಅಂತ ಯಾರಾದರೂ ಹೇಳಿದರೆ ಬಿಡಿ. ಮೊದಲ ಸಲ ನಾನು ಬೇಡ ಅಂದಾಗ ಅವ್ವ ಒಳಗೆ ಹೋಗಿ ಅತ್ತಳು. ಅವಳ ಆ ನೋವನ್ನು ವಿರೋಧ ಅಂತ ಕರೆಯೋದಕ್ಕೆ ನನಗೆ ಮನಸ್ಸು ಬರಲ್ಲ. ಮಗ ಕೈಬಿಟ್ಟು ಹೋದ ಅನ್ನೋ ಭಯ ಅದು. ಹಾಗಾಗಿ ಹಬ್ಬಕ್ಕಷ್ಟೇ ಅಲ್ಲ, ಬಿತ್ತನೆಗೂ ಸುಗ್ಗಿಗೂ ಹೋಗಿ ದುಡಿದೆ.

ಅಪ್ಪ ತೀರಿಕೊಂಡಾಗ ಕಷ್ಟ ಇನ್ನೂ ಹೆಚ್ಚಾಯಿತು. ಹಿರಿಯ ಮಗ ಏನು ಮಾಡುತ್ತಾನೆ ಅಂತ ಊರೇ ನೋಡುತ್ತಿತ್ತು. ಅಪ್ಪನ ಮೈ ತೊಳೆದೆ. ಹೆಗಲು ಕೊಟ್ಟೆ. ಮಣ್ಣು ಕೊಟ್ಟೆ. ಪೂಜೆಗೆ ಕರೆದಾಗ ತಮ್ಮನನ್ನು ಮುಂದೆ ಬಿಟ್ಟು ಹಿಂದೆ ನಿಂತೆ. ಕಾಕಾ ಎಲ್ಲರೆದುರು ಬೈದರು. ತಲೆ ತಗ್ಗಿಸಿ ನಿಂತಿದ್ದೆ, ಮನಸ್ಸಿನಲ್ಲಿ ಅದೇ ಮೊದಲ ಅಧ್ಯಾಯ ನಡೆಯುತ್ತಿತ್ತು.

ಅದಾದ ಮೇಲೆ ಹೊಲದ ಕಾಗದ ಬಂತು. ಕಾಕಾ ಹೇಳಿದಂತೆ ಬಾಂಡ್ ರೈಟರ್ ಹತ್ತಿರ ತಮ್ಮ ಬರೆಸಿದ್ದ ಹಕ್ಕು ಬಿಡುಗಡೆ ಪತ್ರ. ಅದರಲ್ಲಿ ಹೀಗೊಂದು ಸಾಲಿತ್ತು: ನಾನು ಕ್ರೈಸ್ತ ಮತಕ್ಕೆ ಸೇರಿದ್ದರಿಂದ ಈ ಆಸ್ತಿಯಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ.

ವಕೀಲರಿಗೆ ತೋರಿಸಿದೆ. ಮತ ಬದಲಿಸಿದ್ದಕ್ಕೆ ಆಸ್ತಿ ಹಕ್ಕು ಹೋಗಬಾರದು ಅಂತ 1850ರಲ್ಲೇ ಕಾನೂನು ಬಂದಿತ್ತು ಅಂದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೆಯ ಕಲಮನ್ನೂ ಓದಿ ಹೇಳಿದರು. ಮತಾಂತರದ ನಂತರ ಹುಟ್ಟಿದ ಮಕ್ಕಳು, ಪಾಲು ಬರುವ ಹೊತ್ತಿಗೆ ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ಮತ ಬದಲಿಸಿದವನ ಸ್ವಂತ ಹಕ್ಕಿಗೆ ಅದು ಅಡ್ಡ ಬರುವುದಿಲ್ಲ.

ಸಭೆಯಲ್ಲಿ ಕೆಲವರು, "ಪರಲೋಕದ ಬಾಧ್ಯತೆ ಇರುವಾಗ ಹೊಲ ಯಾಕೆ ಬ್ರದರ್, ಸುಮ್ನೆ ಸಹಿ ಹಾಕಿಬಿಡಿ" ಅಂದರು. ಅದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ. ಬೈಬಲಿನಲ್ಲಿ ಬರುವ ಇಜ್ರೇಲಿನ ನಾಬೋತ ನೆನಪಾದ. ಅರಮನೆ ಪಕ್ಕದ ಅವನ ದ್ರಾಕ್ಷಿತೋಟ ಅಹಾಬ ರಾಜನಿಗೆ ಬೇಕಿತ್ತು. ಅದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲ ದುಡ್ಡು ಕೊಡುತ್ತೇನೆ ಅಂದ. ಪಿತೃಗಳಿಂದ ಬಂದ ಸ್ವಾಸ್ತ್ಯ ಕೊಡಲಾರೆ ಅಂತ ನಾಬೋತ ಹೇಳಿದ, ಅದಕ್ಕಾಗಿ ಜೀವವನ್ನೇ ಕೊಟ್ಟ. ಇನ್ನೊಂದು ಕಡೆ ಇಬ್ರಿಯರ ಪತ್ರಿಕೆಯಲ್ಲಿ, ಆಸ್ತಿ ಸುಲಿಗೆಯಾದಾಗ ಸಂತೋಷದಿಂದ ಸಹಿಸಿಕೊಂಡವರ ಮಾತೂ ಇದೆ. ಎರಡೂ ನಿಜ. ಹೊಲ ಬಿಟ್ಟುಕೊಡೋದಕ್ಕೆ ನಾನು ತಯಾರಿದ್ದೆ. ಆದರೆ ಯೇಸುವನ್ನು ನಂಬಿದ್ದರಿಂದ ನಾನು ಅಪ್ಪನ ಮಗ ಅಲ್ಲ ಅನ್ನುವ ಸಾಲಿಗೆ ಸಹಿ ಹಾಕಲು ಆಗುತ್ತಿರಲಿಲ್ಲ. ಅದು ಸುಳ್ಳು, ಅಲ್ವಾ?

ತಮ್ಮನನ್ನು ಹೊಲದಲ್ಲೇ ಕಂಡು ಹೇಳಿದೆ: "ಈ ಸಾಲು ಖರೇ ಅಲ್ಲ ತಮ್ಮಾ. ಇದಕ್ಕ ಸಹಿ ಹಾಕೂದಿಲ್ಲ. ಹೊಲಾ ನೀನ ಮಾಡು, ಬೆಳೀನೂ ನೀನ ತಗೋ. ಉತಾರದಾಗ ಇಬ್ಬರ ಹೆಸರೂ ಇರ್ಲಿ." ಕೋರ್ಟಿಗೆ ಹೋಗುವುದಿಲ್ಲ ಅಂತಲೂ ಹೇಳಿದೆ. ಅವನು ಏನೂ ಅನ್ನದೆ ಎತ್ತು ಹೊಡೆದುಕೊಂಡು ಹೋದ. ಬಹಳ ದಿನ ಮಾತಿರಲಿಲ್ಲ.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರಿಕೆಯ ಕೊನೆಯ ಅಧ್ಯಾಯ. ನಂಬಿಕೆಯಲ್ಲಿ ದೃಢವಾಗಿ ನಿಂತು ಸೈತಾನನನ್ನು ಎದುರಿಸಿ, ಲೋಕದಲ್ಲಿರುವ ನಿಮ್ಮ ಸಹೋದರರಿಗೂ ಇವೇ ಬಾಧೆಗಳಿವೆ ಅಂತ ಪೇತ್ರ ಹೇಳುತ್ತಾನೆ. ಎದುರಿಸಬೇಕಾದವನು ಸೈತಾನ, ನನ್ನ ತಮ್ಮ ಅಲ್ಲ. ಸಹೋದರರ ಬಾಧೆ ಅಂದರೆ ದೂರದ ಮಾತೇನೂ ಅಲ್ಲ. ಪೇತ್ರ ಬರೆದ ಅದೇ ಬಿಥೂನ್ಯ, ಪೊಂತ ಸೀಮೆಗಳಿಗೆ ಸುಮಾರು ಕ್ರಿ.ಶ. 112ರಲ್ಲಿ ಪ್ಲಿನಿ ಅನ್ನುವ ರೋಮ್ ಅಧಿಕಾರಿ ಇದ್ದ. ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕಿ ಕ್ರಿಸ್ತನನ್ನು ಶಪಿಸಿದವರನ್ನು ಬಿಡುತ್ತೇನೆ, ನಿಜವಾದ ಕ್ರೈಸ್ತರಿಂದ ಮಾತ್ರ ಅದನ್ನು ಮಾಡಿಸೋದಕ್ಕೆ ಆಗಲ್ಲವಂತೆ ಅಂತ ಅವನೇ ಚಕ್ರವರ್ತಿ ಟ್ರಾಜನನಿಗೆ ಬರೆದ. ನಮ್ಮ ನಾಡಿನಲ್ಲೇ, 1844ರಲ್ಲಿ, ಮಂಗಳೂರಿನ ಆನಂದರಾವ್ ಕೌಂಡಿನ್ಯರು ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ತಿರುಗಿಬಿತ್ತು. ಹೆಂಡತಿ ದೂರವಾದರು. ಅವರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, ಬೋಧಕರಾಗಿ ತಿರುಗಿ ಇಲ್ಲಿಗೇ ಬಂದರು. ಅದೇ ಜನರ ನಡುವೆ ಸೇವೆ ಮಾಡಿದರು. ಈ ತಿರುಗಿ ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಒಂದು ವರ್ಷ ಮಳೆ ಕೈಕೊಟ್ಟಾಗ ತಮ್ಮನಿಗೆ ಬೀಜ, ಗೊಬ್ಬರಕ್ಕೆ ದುಡ್ಡು ಬೇಕಾಯಿತು. ಕೇಳದೆಯೇ ಕೊಟ್ಟೆ. ಆಗ ಅವನೇ ಬಾಯಿ ಬಿಟ್ಟ: "ಅಣ್ಣಾ, ಪಾಲೂ ಬಿಟ್ಟಿ, ಬೈಸಿಕೊಂಡಿ, ಆದ್ರೂ ಬರೂದು ಬಿಡಲಿಲ್ಲ. ನಿನಗ ಅಲ್ಲಿ ಏನ್ ಸಿಕ್ಕತಿ?"

ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ ಅಂತ ಪೇತ್ರನ ಮೂರನೆಯ ಅಧ್ಯಾಯದಲ್ಲಿದೆ. ಬಸ್ಸಿನಲ್ಲಿ ಕಲಿತದ್ದನ್ನೇ ನಮ್ಮ ಮಾತಿನಲ್ಲಿ ಹೇಳಿದೆ. ನನ್ನ ಪಾಪಕ್ಕಾಗಿ ಸತ್ತು ಎದ್ದ ಕರ್ತನು ನನ್ನನ್ನು ತನ್ನ ಮಗ ಅಂತ ಬರೆದುಕೊಂಡಿದ್ದಾನೆ, ಆ ಹೆಸರನ್ನು ಯಾರೂ ಅಳಿಸೋದಕ್ಕೆ ಆಗಲ್ಲ, ಅದಕ್ಕೇ ನಿನ್ನ ಮೇಲೆ ಸಿಟ್ಟು ಇಟ್ಟುಕೊಳ್ಳುವ ಅವಶ್ಯಕತೆ ನನಗಿಲ್ಲ ಅಂದೆ. ಪೂರ್ತಿ ಕೇಳಿದ. ಅವನು ಇನ್ನೂ ನಂಬಿಲ್ಲ. ಆ ಹಳೆಯ ಕಾಗದದ ಮಾತು ಮತ್ತೆ ಎತ್ತಲಿಲ್ಲ. ಈಗ ಊರಿಗೆ ಹೋದಾಗ ರಾತ್ರಿ ಊಟವಾದ ಮೇಲೆ ಒಂದೊಂದೇ ಪ್ರಶ್ನೆ ಕೇಳುತ್ತಾನೆ, ನನಗೆ ತಿಳಿದಷ್ಟು ಹೇಳುತ್ತೇನೆ.