ಒಂದೇ ಸಿಂಫನಿ, ಹಲವು ಧ್ವನಿಮುದ್ರಣ: ಹೋಲಿಸಿ ಕೇಳುವುದು ಹೇಗೆ?

ಮೊಬೈಲಿನ ಯಾವುದೇ ಸಂಗೀತದ ಆ್ಯಪ್‌ನಲ್ಲಿ ಬೀಥೋವನ್‌ನ ಐದನೆಯ ಸಿಂಫನಿಯನ್ನು, ಅಂದರೆ ಇಡೀ ವಾದ್ಯವೃಂದಕ್ಕೆಂದು ಅವನು ಬರೆದ ದೀರ್ಘ ಕೃತಿಯನ್ನು, ಹುಡುಕಿದರೆ ಪಟ್ಟಿ ಮುಗಿಯುವುದೇ ಇಲ್ಲ. 1913ರಲ್ಲಿ ಆರ್ಥರ್ ನಿಕಿಶ್ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ನಡೆಸಿ ಮಾಡಿದ ಹಳೆಯ ಮುದ್ರಣವೂ ಅಲ್ಲಿ ಸಿಗುತ್ತದೆ, ತೀರಾ ಇತ್ತೀಚೆಗೆ ಬಂದ ಆಲ್ಬಮ್‌ಗಳೂ ಸಿಗುತ್ತವೆ. ಇವುಗಳಲ್ಲಿ ಶ್ರೇಷ್ಠವಾದದ್ದು ಯಾವುದು ಎಂದು ಕೇಳುತ್ತಾ ಹೊರಟವರು ನಾಲ್ಕೈದು ಮುದ್ರಣಗಳಷ್ಟರಲ್ಲಿ ದಣಿದುಬಿಡುತ್ತಾರೆ; ಅಷ್ಟು ದೊಡ್ಡ ಪ್ರಶ್ನೆಗೆ ಉತ್ತರಿಸುವ ತಯಾರಿ ಕಿವಿಗೆ ಇನ್ನೂ ಆಗಿರುವುದಿಲ್ಲ. ಒಂದೆರಡು ನಿಮಿಷದ ತುಣುಕನ್ನು ಆರಿಸಿ, ಅದಕ್ಕೆ ಒಂದೇ ಒಂದು ಸಣ್ಣ ಪ್ರಶ್ನೆಯನ್ನು ಕೇಳಿ, ಆ ಪ್ರಶ್ನೆಗೆ ಮೂರು ಮುದ್ರಣಗಳು ಕೊಡುವ ಉತ್ತರವನ್ನು ಗಮನಿಸುವುದೇ ಈ ಕೆಲಸಕ್ಕೆ ಸರಿಯಾದ ದಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕರಾವಳಿಯವರಿಗೆ ಹೋಲಿಸಿ ಕೇಳುವುದು ಹೊಸ ವಿದ್ಯೆಯೇನೂ ಅಲ್ಲ. ಯಕ್ಷಗಾನದ ಒಂದೇ ಪ್ರಸಂಗದ ಒಂದೇ ಪದ್ಯವನ್ನು ತೆಂಕುತಿಟ್ಟಿನ ಭಾಗವತರೊಬ್ಬರು ಎತ್ತಿಕೊಂಡ ರೀತಿಗೂ ಬಡಗಿನವರು ಎತ್ತಿಕೊಂಡ ರೀತಿಗೂ ಇರುವ ವ್ಯತ್ಯಾಸವನ್ನು ಉಡುಪಿಯ ಪ್ರೇಕ್ಷಕರು ಯಾರ ಸಹಾಯವೂ ಇಲ್ಲದೆ ಗುರುತಿಸುತ್ತಾರೆ. ಅಲ್ಲಿ ಪದ್ಯ ಬಾಯಿಪಾಠವಾಗಿರುವುದರಿಂದಲೇ ಹಾಡಿದ ಬಗೆ ಎದ್ದು ಕಾಣುತ್ತದೆ. ಸಿಂಫನಿಯ ವಿಷಯದಲ್ಲಿಯೂ ಮೊದಲ ಹೆಜ್ಜೆ ಇದೇ: ಹೋಲಿಕೆಗೆ ಇಳಿಯುವ ಮೊದಲು ಒಂದು ಮುದ್ರಣವನ್ನು, ಅದು ಯಾರದ್ದೇ ಆಗಿರಲಿ, ಮುಂದೇನು ಬರುತ್ತದೆ ಎಂದು ತಾವೇ ಗುನುಗುವಷ್ಟು ಸಲ ಕೇಳಬೇಕು.

ಇನ್ನೊಂದು ಅನುಕೂಲವೂ ನಮ್ಮ ಊರುಗಳಿಗಿದೆ. ಹಂಪನಕಟ್ಟೆಯ ಮಿಲಾಗ್ರಿಸ್‌ನಿಂದ ಕಲ್ಯಾಣಪುರದ ಮಿಲಾಗ್ರಿಸ್‌ವರೆಗಿನ ಇಗರ್ಜಿಗಳ ಗಾಯನವೃಂದಗಳಲ್ಲಿ ಹಾಡಿದವರು ಹಲವರಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ಪರಂಪರೆಯಲ್ಲಿ ಜರ್ಮನ್ ಧಾಟಿಗಳಿಗೆ ಹೊಂದಿಸಿದ ಕನ್ನಡ ಕೀರ್ತನೆಗಳನ್ನು ಹಾಡುತ್ತಾ ಬೆಳೆದ ಕುಟುಂಬಗಳೂ ಇವೆ. ಆಲ್ಟೊ ಅಥವಾ ಟೆನರ್ ಎಂಬ ನಡುವಿನ ಧ್ವನಿಗಳನ್ನು ಹಾಡಿದವರ ಕಿವಿ ಮೇಲಿನ ರಾಗದ ಅಡಿಯಲ್ಲಿ ಹರಿಯುವ ಒಳಧ್ವನಿಗಳನ್ನು ಬೇಗ ಹಿಡಿಯುತ್ತದೆ. ಮುದ್ರಣಗಳ ಹೋಲಿಕೆಯಲ್ಲಿ ಅರ್ಧ ಕೆಲಸ ಅದೇ.

ಕೋಣೆ, ಮಳೆ ಮತ್ತು ಫ್ಯಾನ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಅತ್ಯಂತ ಮೆಲುವಾದ ಸದ್ದಿಗೂ ಅತ್ಯಂತ ಜೋರಾದ ಸದ್ದಿಗೂ ನಡುವಿನ ಅಂತರ ಬಹಳ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಶೀಟಿನ ಮೇಲೆ ಸುರಿಯುವ ಮಳೆ ಆ ಮೆಲುದನಿಗಳನ್ನು ಪೂರ್ತಿಯಾಗಿ ನುಂಗುತ್ತದೆ; ಉಳಿದ ತಿಂಗಳುಗಳಲ್ಲಿ ಸೀಲಿಂಗ್ ಫ್ಯಾನ್ ಅದನ್ನೇ ಮಾಡುತ್ತದೆ. ಆದುದರಿಂದ ಕಿವಿಯನ್ನು ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್ ಒಂದನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು. ಫೋನಿನ ಸ್ಪೀಕರ್ ಸಾಲದು. ಅದರಲ್ಲಿ ಚೆಲ್ಲೊ, ಬಾಸ್‌ಗಳ ತಳದ ಸ್ವರಗಳು ಕೇಳಿಸುವುದೇ ಇಲ್ಲ. ಎಲ್‌ಪಿ ರೆಕಾರ್ಡುಗಳಿರುವವರು ಮಳೆಗಾಲಕ್ಕೆ ಮುನ್ನ ಅವನ್ನು ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಬೂಸ್ಟು ಹಿಡಿದ ಕಾಗದದ ಲಕೋಟೆಗಳನ್ನು ಬದಲಾಯಿಸಬೇಕು.

ಆ್ಯಪ್‌ನಲ್ಲಿ ನಾದದ ಏರುತಗ್ಗನ್ನು ಬದಲಿಸುವ ಈಕ್ವಲೈಸರ್ ಆಫ್ ಆಗಿರಲಿ. ಒಂದು ಟ್ರ್ಯಾಕ್ ಮುಗಿಯುವಾಗ ಇನ್ನೊಂದನ್ನು ಬೆರೆಸುವ ಕ್ರಾಸ್‌ಫೇಡ್ ಕೂಡ ಬೇಡ, ಏಕೆಂದರೆ ಐದನೆಯ ಸಿಂಫನಿಯ ಮೂರನೆಯ ಮೂವ್‌ಮೆಂಟ್ (ಕೃತಿಯ ಭಾಗ) ನಿಲ್ಲದೆ ನಾಲ್ಕನೆಯದರೊಳಗೆ ಹರಿಯುತ್ತದೆ ಮತ್ತು ಆ ಜೋಡಣೆಯಲ್ಲಿಯೇ ಕೃತಿಯ ಪ್ರಾಣವಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಸದ್ದಿನ ಮಟ್ಟ. ಎರಡು ಮುದ್ರಣಗಳಲ್ಲಿ ತುಸು ಜೋರಾಗಿರುವುದೇ ಹೆಚ್ಚು ಚೆನ್ನಾಗಿದೆ ಎಂದು ಕಿವಿಗೆ ಅನ್ನಿಸುತ್ತದೆ. ಇದನ್ನು ತಪ್ಪಿಸಲು, ಇಡೀ ವಾದ್ಯವೃಂದ ಪೂರ್ಣ ಬಲದಿಂದ ನುಡಿಸುವ ಒಂದೇ ಸ್ಥಳವನ್ನು, ಉದಾಹರಣೆಗೆ ನಾಲ್ಕನೆಯ ಮೂವ್‌ಮೆಂಟಿನ ಆರಂಭವನ್ನು, ಎರಡೂ ಮುದ್ರಣಗಳಲ್ಲಿ ಹಾಕಿ, ಸಮನಾಗಿ ಕೇಳುವವರೆಗೆ ವಾಲ್ಯೂಮ್ ಹೊಂದಿಸಿ, ಅನಂತರ ಅದನ್ನು ಮುಟ್ಟಬಾರದು.

ಪಟ್ಟಿಯಲ್ಲಿ ಕಾಣುವ ಇಸವಿಯನ್ನು ನಂಬಬೇಡಿ. ಹಲವು ಸಲ ಅದು ಮರುಬಿಡುಗಡೆಯ ಇಸವಿಯಾಗಿರುತ್ತದೆ. ಕಂಡಕ್ಟರ್ (ವಾದ್ಯವೃಂದವನ್ನು ನಡೆಸುವವರು), ವಾದ್ಯವೃಂದ, ಮುದ್ರಣವಾದ ವರ್ಷ ಈ ಮೂರನ್ನೂ ಖಚಿತಪಡಿಸಿಕೊಂಡು ಬರೆದಿಟ್ಟುಕೊಳ್ಳಿ. ಮೈಕ್ರೊಫೋನ್ ಬಳಕೆಗೆ ಬಂದದ್ದು 1925ರ ಸುಮಾರಿಗೆ, ಎಲ್‌ಪಿ ಬಂದದ್ದು 1948ರಲ್ಲಿ, ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1958ರಲ್ಲಿ. ಈ ಗಡಿಗಳ ಆಚೀಚೆ ಇರುವ ಮುದ್ರಣಗಳನ್ನು ನಾದದ ಸೊಗಸಿಗಾಗಿ ಹೋಲಿಸುವುದು ನ್ಯಾಯವಲ್ಲ. ಲಯ, ವಾಕ್ಯಗಳ ಬಾಗು, ಮೌನಗಳ ಉದ್ದ ಇವುಗಳಿಗಾಗಿ ಧಾರಾಳವಾಗಿ ಹೋಲಿಸಬಹುದು.

ಆರಂಭಕ್ಕೆ ಒಬ್ಬನೇ ವಾದಕ

ಮೊದಲ ಅಭ್ಯಾಸಕ್ಕೆ ಪಿಯಾನೊ ಸುಲಭ, ಅದರಲ್ಲಿಯೂ ಒಬ್ಬನೇ ವಾದಕ ಒಂದೇ ಕೃತಿಯನ್ನು ಎರಡು ಸಲ ಮುದ್ರಿಸಿದ್ದರೆ ಇನ್ನೂ ಸುಲಭ. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ 1741ರಲ್ಲಿ ಪ್ರಕಟವಾದ ಕೃತಿ: ಒಂದು ಏರಿಯಾ (ಸಣ್ಣ ಮೂಲ ರಚನೆ), ಅದರ ಮೇಲೆ 30 ವೇರಿಯೇಶನ್‌ಗಳು (ಅದನ್ನೇ ಬದಲಿಸಿ ಕಟ್ಟಿದ ರೂಪಗಳು), ಕೊನೆಗೆ ಮತ್ತೆ ಅದೇ ಏರಿಯಾ. ಕೆನಡಾದ ಗ್ಲೆನ್ ಗೌಲ್ಡ್ ಇದನ್ನು 1955ರಲ್ಲಿ ಒಮ್ಮೆ, 1981ರಲ್ಲಿ ಇನ್ನೊಮ್ಮೆ ನ್ಯೂಯಾರ್ಕಿನ ಒಂದೇ ಸ್ಟುಡಿಯೊದಲ್ಲಿ ಮುದ್ರಿಸಿದರು. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು ಸುಮಾರು 51 ನಿಮಿಷ.

ಆರಂಭದ ಏರಿಯಾವನ್ನು ಮಾತ್ರ ಕೇಳಿ. 1955ರಲ್ಲಿ ಅದು ಎರಡು ನಿಮಿಷದೊಳಗೆ ಮುಗಿಯುತ್ತದೆ, 1981ರಲ್ಲಿ ಮೂರು ನಿಮಿಷ ದಾಟುತ್ತದೆ. ಎರಡರಲ್ಲಿಯೂ ಪುನರಾವರ್ತನೆಗಳಿಲ್ಲ, ಆದುದರಿಂದ ವ್ಯತ್ಯಾಸವೆಲ್ಲ ವೇಗದ್ದೇ. ಇಲ್ಲಿ ಕೇಳಬೇಕಾದ ಪ್ರಶ್ನೆ: ನಿಧಾನವಾದಾಗ ಎಡಗೈ ಏನಾಯಿತು? ಮೊದಲ ಮುದ್ರಣದಲ್ಲಿ ಎಡಗೈ ಬಲಗೈಗೆ ಜೊತೆ ಕೊಡುತ್ತದೆ. ಎರಡನೆಯದರಲ್ಲಿ ಅದು ಒಂದೊಂದೇ ಸ್ವರವನ್ನು ಬಿಡಿಸಿಟ್ಟು ತಾನೇ ಒಂದು ರಾಗವಾಗಿ ನಿಲ್ಲುತ್ತದೆ. ಅನಂತರ ಏರಿಯಾ ಮುಗಿದು ಮೊದಲ ವೇರಿಯೇಶನ್ ಶುರುವಾಗುವ ಹೊಸ್ತಿಲನ್ನು ಕೇಳಿ. 1955ರ ಯುವಕ ಅಲ್ಲಿ ಹಾರಿ ಹೋಗುತ್ತಾನೆ. 1981ರಲ್ಲಿ ಒಂದು ವೇರಿಯೇಶನ್‌ನ ಮಿಡಿತಕ್ಕೂ ಮುಂದಿನದರ ಮಿಡಿತಕ್ಕೂ ಲೆಕ್ಕದ ಸಂಬಂಧವಿರಬೇಕೆಂಬ ಯೋಚನೆ ಇಡೀ ಕೃತಿಯನ್ನು ಹಿಡಿದಿಟ್ಟಿದೆ. ನನಗೆ ಎರಡನೆಯದೇ ಹೆಚ್ಚು ಪ್ರಿಯ, ಆದರೆ ಇದನ್ನು ಓದುವವರು ಈ ಮಾತನ್ನು ಬದಿಗಿಟ್ಟು ಕೇಳುವುದು ಒಳ್ಳೆಯದು.

ಐದನೆಯ ಸಿಂಫನಿಯ ಮೊದಲ ಮೂವ್‌ಮೆಂಟ್

ಈಗ ವಾದ್ಯವೃಂದ. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲ ಬಾರಿ ಕೇಳಿಬಂದ ಈ ಸಿಂಫನಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ, ಇದರ ಮೊದಲ ನಾಲ್ಕು ಸ್ವರಗಳನ್ನು ಕೇಳದವರು ವಿರಳ. ನಾಲ್ಕು ಮುದ್ರಣಗಳು ಸಾಕು: 1947ರ ಮೇ ತಿಂಗಳಿನಲ್ಲಿ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಬರ್ಲಿನ್ ಫಿಲ್‌ಹಾರ್ಮೋನಿಕ್‌ನೊಂದಿಗೆ ಸಭೆಯ ಮುಂದೆ ನಡೆಸಿದ್ದು, ಆರ್ಟುರೊ ಟೊಸ್ಕನಿನಿ 1952ರಲ್ಲಿ ಎನ್‌ಬಿಸಿ ವಾದ್ಯವೃಂದದೊಂದಿಗೆ ಮಾಡಿದ್ದು, ಕಾರ್ಲೋಸ್ ಕ್ಲೈಬರ್ 1974ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನೊಂದಿಗೆ ಮಾಡಿದ್ದು, 1990ರ ದಶಕದಲ್ಲಿ ಜಾನ್ ಎಲಿಯಟ್ ಗಾರ್ಡಿನರ್ ಬೀಥೋವನ್ ಕಾಲದ ಮಾದರಿಯ ವಾದ್ಯಗಳೊಂದಿಗೆ ಮಾಡಿದ್ದು.

ಮೊದಲ ತುಣುಕು ಆರಂಭದ ಐದು ಬಾರ್‌ಗಳು. ಸ್ವರಲಿಪಿಯಲ್ಲಿ ಎರಡು ಲಂಬಗೆರೆಗಳ ನಡುವಿನ ಮನೆಯೇ ಬಾರ್. ಇಲ್ಲಿ ನುಡಿಯುವುದು ತಂತಿವಾದ್ಯಗಳು ಮತ್ತು ಕ್ಲಾರಿನೆಟ್ ಮಾತ್ರ. ನಾಲ್ಕನೆಯ ಸ್ವರದ ಮೇಲೆ ನಿಲುಗಡೆಯ ಗುರುತಿದೆ, ಎಂಟನೆಯದರ ಮೇಲೂ ಇದೆ. ಎರಡನೆಯ ನಿಲುಗಡೆಯನ್ನು ಬೀಥೋವನ್ ಒಂದು ಬಾರ್ ಹೆಚ್ಚು ಉದ್ದ ಬರೆದಿದ್ದಾನೆ. ಯಾರು ಆ ಹೆಚ್ಚಿನ ಉದ್ದವನ್ನು ಕೇಳಿಸುತ್ತಾರೆ? ಯಾರು ಈ ಐದು ಬಾರ್‌ಗಳನ್ನು ಘೋಷಣೆಯಂತೆ ನಿಧಾನವಾಗಿ ನುಡಿಸಿ ಆಮೇಲೆ ವೇಗ ಹಿಡಿಯುತ್ತಾರೆ, ಯಾರು ಮೊದಲ ಸ್ವರದಿಂದಲೇ ಓಟದಲ್ಲಿರುತ್ತಾರೆ? ಫುರ್ಟ್‌ವೆಂಗ್ಲರ್ ಮತ್ತು ಕ್ಲೈಬರ್ ಇವರಿಬ್ಬರನ್ನು ಒಂದರ ಬೆನ್ನಿಗೆ ಒಂದು ಕೇಳಿದರೆ ಉತ್ತರ ಕೂಡಲೇ ಸಿಗುತ್ತದೆ.

ವೇಗವನ್ನು ಅಳೆಯುವುದಾದರೆ ಟ್ರ್ಯಾಕಿನ ಒಟ್ಟು ಅವಧಿಯನ್ನು ನೋಡಬಾರದು. ಈ ಮೂವ್‌ಮೆಂಟಿನ ಮೊದಲ 124 ಬಾರ್‌ಗಳನ್ನು ಮತ್ತೊಮ್ಮೆ ನುಡಿಸಬೇಕೆಂದು ಸ್ವರಲಿಪಿಯಲ್ಲಿದೆ. ಒಬ್ಬ ಕಂಡಕ್ಟರ್ ಅದನ್ನು ಬಿಟ್ಟರೆ ಅವಧಿ ತಾನಾಗಿ ಕುಗ್ಗುತ್ತದೆ, ಕೇಳುಗ ಅದನ್ನು ವೇಗವೆಂದು ಭ್ರಮಿಸುತ್ತಾನೆ. ಬದಲಿಗೆ ಸಂಗೀತ ಓಡುತ್ತಿರುವ ಜಾಗದಲ್ಲಿ ಬಾರ್‌ಗೊಂದು ಸಲ ಬೆರಳು ತಟ್ಟಿ, 15 ಸೆಕೆಂಡಿನಲ್ಲಿ ಎಷ್ಟಾಯಿತೆಂದು ಎಣಿಸಿ ನಾಲ್ಕರಿಂದ ಗುಣಿಸಿ. 1817ರಲ್ಲಿ ಬೀಥೋವನ್ ಪ್ರಕಟಿಸಿದ, ಮೆಟ್ರೊನೋಮ್ ಎಂಬ ತಾಳಯಂತ್ರದ ಸೂಚನೆಯ ಪ್ರಕಾರ ನಿಮಿಷಕ್ಕೆ 108 ಬಾರ್ ಬರಬೇಕು. ಬಹುಕಾಲ ಅದನ್ನು ಅಸಾಧ್ಯವೆಂದು ಹಲವರು ಬದಿಗಿಟ್ಟಿದ್ದರು. ಹಳೆಯ ಮಾದರಿಯ ವಾದ್ಯಗಳ ತಂಡಗಳು ಅದರ ಹತ್ತಿರಕ್ಕೆ ಹೋಗಿ ನುಡಿಸಿ ತೋರಿಸಿದವು. ಒಂದೇ ಮುದ್ರಣದಲ್ಲಿ ಎರಡು ಮೂರು ಕಡೆ ಎಣಿಸಿ ನೋಡುವುದು ಇನ್ನೂ ಉಪಯುಕ್ತ: ಟೊಸ್ಕನಿನಿಯ ಎಣಿಕೆ ಬಿಗಿಯಾಗಿ ನಿಲ್ಲುತ್ತದೆ, ಫುರ್ಟ್‌ವೆಂಗ್ಲರ್‌ನ ಎಣಿಕೆ ಏರಿಳಿಯುತ್ತದೆ.

ಇಷ್ಟಾದರೂ ವೇಗದ ಬಗ್ಗೆಯೇ ಮಾತು ಬೆಳೆಸುವವರು ಹೆಚ್ಚಿನದನ್ನು ಕಳೆದುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಮೂವ್‌ಮೆಂಟಿನ ಅತ್ಯುತ್ತಮ ಪರೀಕ್ಷೆ ಹಾರ್ನ್ ಎಂಬ ಲೋಹದ ಊದುವಾದ್ಯದ ಕರೆ. ಆರಂಭದ ಬಿರುಸು ಮುಗಿದು ಎರಡನೆಯ, ಮೃದುವಾದ ರಾಗ ಬರುವ ಮುನ್ನ 59ನೆಯ ಬಾರ್‌ನಲ್ಲಿ ಹಾರ್ನ್‌ಗಳು ಗಟ್ಟಿಯಾಗಿ ಒಂದು ಕರೆ ಕೊಡುತ್ತವೆ. ಇದೇ ಕರೆ 303ನೆಯ ಬಾರ್‌ನಲ್ಲಿ ಬೇರೆ ಶ್ರುತಿಯಲ್ಲಿ ಮರಳುವಾಗ ಬೀಥೋವನ್ ಅದನ್ನು ಬಸೂನ್ ಎಂಬ ಮರದ ಊದುವಾದ್ಯಗಳಿಗೆ ಬರೆದಿದ್ದಾನೆ, ಏಕೆಂದರೆ ಆ ಕಾಲದ ಕೀಲಿಯಿಲ್ಲದ ಹಾರ್ನ್‌ಗೆ ಆ ಶ್ರುತಿಯಲ್ಲಿ ಆ ಸ್ವರಗಳು ಸರಿಯಾಗಿ ಒದಗುತ್ತಿರಲಿಲ್ಲ. ಕೀಲಿಗಳಿರುವ ಹಾರ್ನ್ ಬಂದ ಮೇಲೆ ಎಷ್ಟೋ ಕಂಡಕ್ಟರ್‌ಗಳು ಬೀಥೋವನ್‌ಗೆ ಸಾಧ್ಯವಿದ್ದಿದ್ದರೆ ಹಾರ್ನ್‌ಗೇ ಕೊಡುತ್ತಿದ್ದ ಎಂದು ತರ್ಕಿಸಿ ಅದನ್ನು ಹಾರ್ನ್‌ಗೆ ವರ್ಗಾಯಿಸಿದರು; ಬರೆದದ್ದನ್ನೇ ನುಡಿಸಬೇಕೆನ್ನುವವರು ಬಸೂನ್‌ನ ಒಣಗಿದ, ತುಸು ಒರಟು ದನಿಯನ್ನೇ ಉಳಿಸಿಕೊಂಡರು. ನಾಲ್ಕೂ ಮುದ್ರಣಗಳಲ್ಲಿ ಈ ಎರಡು ಜಾಗಗಳನ್ನು ಮಾತ್ರ ಕೇಳಿ, ಯಾರು ಏನನ್ನು ಆರಿಸಿದ್ದಾರೆಂದು ಕಿವಿಯಿಂದಲೇ ಕಂಡುಹಿಡಿದು ಬರೆಯಿರಿ. ಇವೆರಡರ ನಡುವೆ, 268ನೆಯ ಬಾರ್‌ನಲ್ಲಿ, ಎಲ್ಲ ವಾದ್ಯಗಳೂ ನಿಂತು ಓಬೊ ಎಂಬ ಊದುವಾದ್ಯವೊಂದೇ ನಿಧಾನವಾಗಿ ನುಡಿಯುವ ಸಣ್ಣ ವಾಕ್ಯವಿದೆ. ಅದನ್ನು ಅಳಲಾಗಿ ಬೆಳೆಸುವವರೂ ಇದ್ದಾರೆ, ಉಸಿರು ಹಿಡಿದಂತೆ ಸರಳವಾಗಿ ದಾಟಿಸುವವರೂ ಇದ್ದಾರೆ.

ಸ್ವರಲಿಪಿ ಬೇಕಾದವರಿಗೆ ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಮನೆಯಲ್ಲಿ ಪಿಯಾನೊ ಅಥವಾ ವಯೊಲಿನ್ ಗ್ರೇಡ್ ಪರೀಕ್ಷೆಗೆ ಓದುತ್ತಿರುವ ಮಕ್ಕಳಿದ್ದರೆ ಬಾರ್ ಎಣಿಸುವ ಕೆಲಸವನ್ನು ಅವರಿಗೇ ವಹಿಸಿ. ಅವರು ನಮಗಿಂತ ಬೇಗ ಮಾಡುತ್ತಾರೆ. ಗಾರ್ಡಿನರ್‌ನ ಮುದ್ರಣ ಉಳಿದವಕ್ಕಿಂತ ತುಸು ತಗ್ಗಿದ ಶ್ರುತಿಯಲ್ಲಿ ಕೇಳಿಸಿದರೆ ಗಾಬರಿ ಬೇಡ. ಇಂದಿನ ವಾದ್ಯವೃಂದಗಳು ಎ ಸ್ವರವನ್ನು 440 ಹರ್ಟ್ಸ್‌ಗೆ ಅಥವಾ ಅದಕ್ಕಿಂತ ಸ್ವಲ್ಪ ಮೇಲಕ್ಕೆ ಹೊಂದಿಸುತ್ತವೆ, ಬೀಥೋವನ್ ಕಾಲದ ವಾದ್ಯಗಳ ತಂಡಗಳು ಸಾಮಾನ್ಯವಾಗಿ 430ರ ಸುಮಾರಿಗೆ ಇಳಿಸುತ್ತವೆ.

ಪೆಡಲ್ ಎಂಬ ಪ್ರಶ್ನೆ

ಪಿಯಾನೊಗೆ ಮರಳಿದಾಗ ಗಮನಿಸಬೇಕಾದದ್ದು ಕಾಲಿನ ಕೆಲಸ, ಅಂದರೆ ತಂತಿಗಳ ನಾದ ನಿಲ್ಲದಂತೆ ಪೆಡಲ್ ತುಳಿಯುವುದು. ಮೂನ್‌ಲೈಟ್ ಎಂದು ಹೆಸರಾದ ಬೀಥೋವನ್‌ನ 1801ರ ಸೊನಾಟಾದ ಮೊದಲ ಮೂವ್‌ಮೆಂಟನ್ನು, ತಂತಿಗಳನ್ನು ಒತ್ತಿ ನಿಲ್ಲಿಸುವ ಡ್ಯಾಂಪರ್‌ಗಳನ್ನು ಎತ್ತಿಯೇ ನುಡಿಸಬೇಕೆಂದು ಅವನು ಬರೆದಿದ್ದಾನೆ. ಅವನ ಪಿಯಾನೊದಲ್ಲಿ ನಾದ ಬೇಗ ಆರಿಹೋಗುತ್ತಿತ್ತು. ಇಂದಿನದರಲ್ಲಿ ಹಾಗೆ ಮಾಡಿದರೆ ಒಂದು ಸ್ವರಮೇಳ ಇನ್ನೊಂದರ ಮೇಲೆ ಹರಡಿಕೊಳ್ಳುತ್ತದೆ. 1930ರ ದಶಕದಲ್ಲಿ ಬೀಥೋವನ್‌ನ ಎಲ್ಲ ಸೊನಾಟಾಗಳನ್ನೂ ಮೊದಲಿಗೆ ಮುದ್ರಿಸಿದ ಆರ್ಟುರ್ ಶ್ನಾಬೆಲ್, 1960ರ ದಶಕದ ವಿಲ್ಹೆಲ್ಮ್ ಕೆಂಪ್ಫ್, ನಮ್ಮ ಕಾಲದ ಆಂಡ್ರಾಶ್ ಶಿಫ್ ಈ ಮೂವರಲ್ಲಿ ಸ್ವರಮೇಳ ಬದಲಾಗುವ ಕ್ಷಣವನ್ನು ಹೋಲಿಸಿ. ಶಿಫ್ ಆ ಸೂಚನೆಯನ್ನು ಗಂಭೀರವಾಗಿ ತೆಗೆದುಕೊಂಡವರು, ಮತ್ತು ಹಲವರಿಗಿಂತ ಚುರುಕಾಗಿ ನುಡಿಸುವವರು.

ಕೂಡಿ ಕೇಳುವವರಿಗೆ

ನಾಲ್ಕೈದು ಜನ ಸೇರಿ ಕೇಳುವುದಾದರೆ ಒಬ್ಬರು ಹೆಸರು ಹೇಳದೆ ಮುದ್ರಣಗಳನ್ನು ಹಾಕಲಿ. ಪ್ರಶ್ನೆಯನ್ನು ಮೊದಲೇ ಕಾಗದದ ಮೇಲೆ ಬರೆದಿರಲಿ, ಉತ್ತರವನ್ನೂ ಪ್ರತಿಯೊಬ್ಬರು ಮಾತಿಗೆ ಮುನ್ನ ಬರೆಯಲಿ. ಹೆಸರು ತಿಳಿದರೆ ಖ್ಯಾತಿಯೇ ಕೇಳಿಸತೊಡಗುತ್ತದೆ. ಒಂದು ಸಂಜೆಗೆ ಮೂರು ಮುದ್ರಣ ಸಾಕು. ಕಿವಿ ದಣಿದ ಮೇಲಿನ ತೀರ್ಮಾನಗಳಿಗೆ ಬೆಲೆಯಿಲ್ಲ.

ಬೀಥೋವನ್ ಆದ ಮೇಲೆ ಇಂಥ ಕೂಟಕ್ಕೆ ನಾನು ಸೂಚಿಸುವ ಕೃತಿ ಶೂಬರ್ಟ್‌ನ ಕೊನೆಯ ಪಿಯಾನೊ ಸೊನಾಟಾ, ಬಿ ಫ್ಲಾಟ್ ಮೇಜರ್‌ನದು. 1828ರ ನವೆಂಬರ್‌ನಲ್ಲಿ ಅವನು ತೀರಿಕೊಳ್ಳುವುದಕ್ಕೆ ಎರಡು ತಿಂಗಳ ಮೊದಲು ಮುಗಿಸಿದ್ದು. ಅದರ ಎಂಟನೆಯ ಬಾರ್‌ನಲ್ಲಿ ಕೀಲಿಮಣೆಯ ತೀರಾ ಕೆಳಗಡೆ, ಬಹಳ ಮೆಲ್ಲನೆ, ಒಂದು ಕಂಪನಸ್ವರ ಗುಡುಗುತ್ತದೆ. ಒಳ್ಳೆಯ ಹೆಡ್‌ಫೋನ್ ಬೇಕಾದದ್ದು ಇದಕ್ಕಾಗಿಯೇ. ಮೊದಲ ಮೂವ್‌ಮೆಂಟಿನ ಆದಿಭಾಗವನ್ನು ಪುನರಾವರ್ತಿಸುವ ಮುನ್ನ ಶೂಬರ್ಟ್ ಒಂಬತ್ತು ಬಾರ್‌ಗಳನ್ನು ಬರೆದಿದ್ದಾನೆ. ಅವುಗಳಲ್ಲಿ ಆ ಕಂಪನಸ್ವರ ಪೂರ್ಣ ಬಲದಿಂದ ಅಬ್ಬರಿಸುತ್ತದೆ, ಮೂವ್‌ಮೆಂಟಿನಲ್ಲಿ ಬೇರೆಲ್ಲಿಯೂ ಅದು ಹಾಗೆ ಬರುವುದಿಲ್ಲ. ಪುನರಾವರ್ತನೆಯನ್ನು ಬಿಟ್ಟ ಪಿಯಾನೊವಾದಕನಲ್ಲಿ ಈ ಒಂಬತ್ತು ಬಾರ್‌ಗಳು ಕೇಳಿಸುವುದೇ ಇಲ್ಲ. ಆಲ್ಫ್ರೆಡ್ ಬ್ರೆಂಡೆಲ್ ಯೋಚಿಸಿಯೇ ಬಿಟ್ಟವರು. ಸ್ವಿಯಾಟೊಸ್ಲಾವ್ ರಿಕ್ಟರ್ 1972ರ ಮುದ್ರಣದಲ್ಲಿ ಅದನ್ನು ಉಳಿಸಿಕೊಂಡು ಈ ಮೂವ್‌ಮೆಂಟ್ ಒಂದಕ್ಕೇ ಸುಮಾರು 24 ನಿಮಿಷ ತೆಗೆದುಕೊಳ್ಳುತ್ತಾರೆ. ಮೊದಲು ಬ್ರೆಂಡೆಲ್, ಆಮೇಲೆ ರಿಕ್ಟರ್ ಎಂಬ ಕ್ರಮದಲ್ಲಿ ಹಾಕಿ. ಆ ಒಂಬತ್ತು ಬಾರ್‌ಗಳು ಬಂದಾಗ ತಡೆದು ನಿಲ್ಲಿಸದೆ ಮೂವ್‌ಮೆಂಟನ್ನು ಕೊನೆಯವರೆಗೆ ಹೋಗಗೊಡಿ, ಚರ್ಚೆ ಅನಂತರವಾಗಲಿ.