ಫಾರ್ಮುಲಾ ಹಾಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಕದಡಬೇಡಿ
ಮಗುವಿಗೆ ಪುಡಿಯಿಂದ ತಯಾರಿಸುವ ಫಾರ್ಮುಲಾ ಹಾಲನ್ನು ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ಹಾಕಿ ಕುಲುಕುವ ಬದಲು, ಕುದಿಸಿ ತೆಗೆದ ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಕದಡಿ, ಮುಚ್ಚಿಟ್ಟು, ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಸುರಿಯಿರಿ. ಪುಡಿಯಲ್ಲಿರಬಹುದಾದ ರೋಗಾಣುಗಳು ಸಾಯಲು ನೀರು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರಲೇಬೇಕು. ಆದರೆ ಅದೇ ಬಿಸಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಬಾಟಲಿಯು ಲೀಟರಿಗೆ 1.6 ಕೋಟಿಯವರೆಗೂ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಬಿಡಬಹುದೆಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಎಳವೆಯಲ್ಲೇ ಇಂಥ ಕಣಗಳಿಗೆ ಒಡ್ಡಿಕೊಂಡ ಇಲಿಗಳ ಕರುಳಿನ ಸೂಕ್ಷ್ಮಾಣು ಬಳಗವೂ ನಡವಳಿಕೆಯೂ ಬದಲಾದದ್ದು ಕೆಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಮಕ್ಕಳಲ್ಲಿ ಇದು ಸಾಬೀತಾಗಿಲ್ಲವಾದ್ದರಿಂದ ಗಾಬರಿ ಬೇಡ. ತುಂಬಿದ ಬಾಟಲಿಯನ್ನು ಮೈಕ್ರೋವೇವ್‌ನಲ್ಲಿ ಮತ್ತೆ ಕಾಯಿಸಿದರೆ, ಅಥವಾ ಕುದಿಸಿದ ಬಾಟಲಿಯನ್ನು ಕಾಯಿಸಿ ಆರಿಸಿದ ನೀರಿನಿಂದ ಮೂರು ಸಲ ತೊಳೆಯದೆ ಬಳಸಿದರೆ, ಈ ಶ್ರಮದ ಬಹುಪಾಲು ವ್ಯರ್ಥವಾಗುತ್ತದೆ.